ಇಲಿಮರಿಯ ಎಳೆತನವೂ ಸಿರೊಟೋನಿನ್ನೂ

ಸುತ್ತಲೂ ಗೋಡೆಯುಳ್ಳ, ಮೇಲಿನಿಂದ ಬೆಳಕು ಬೀಳುವ ಅಗಲವಾದ ಪೆಟ್ಟಿಗೆಯೊಂದರಲ್ಲಿ ಪ್ರಾಯಕ್ಕೆ ಬಂದ ಇಲಿಯನ್ನು ಬಿಟ್ಟರೆ ಅದು ಏನು ಮಾಡುತ್ತದೆ? ಕೆಲವು ಇಲಿಗಳು ಸ್ವಲ್ಪ ಹೊತ್ತು ಗೋಡೆಯನ್ನು ಆಶ್ರಯಿಸಿದ್ದು, ಅನಂತರ ಧೈರ್ಯ ತಾಳಿ ನಡುವಣ ಬಯಲಿಗೆ ಬಂದು ಮೂಸಿ ನೋಡುತ್ತವೆ. ಮತ್ತೆ ಕೆಲವು ಗೋಡೆಯ ಅಂಚನ್ನು ಬಿಟ್ಟು ಕದಲುವುದೇ ಇಲ್ಲ. ಎರಡೂ ಒಂದೇ ತಳಿಯವು. ತಿಂದುದು ಒಂದೇ ಆಹಾರ. ಹಾಗಿದ್ದರೂ ಈ ಭೇದವೇಕೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಕೇಳಿದರು. ಗಿಡವನ್ನು ಬಗ್ಗಿಸುವ ಕೈ ಯಾವುದು ಎಂಬುದು ವಿಜ್ಞಾನಿಯ ಪ್ರಶ್ನೆ. ಅಂತಹ ಕೈಗಳಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ವಸ್ತುವೂ ಒಂದೆಂಬುದನ್ನು ಪ್ರಯೋಗಗಳು ತೋರಿಸಿಕೊಟ್ಟಿವೆ.

ಮೊದಲು, ಅಂಜಿಕೆಯ ಸಮಯದಲ್ಲಿ ದೇಹದೊಳಗೆ ನಡೆಯುವುದೇನೆಂಬುದನ್ನು ತಿಳಿಯೋಣ. ಅಪಾಯ ಎದುರಾದೊಡನೆ ಮಿದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯುಟರಿಯು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ಇಲಿಯಲ್ಲಿ ಅವು ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಓಡಲು, ಹೋರಾಡಲು ಬೇಕಾದ ಶಕ್ತಿಯು ಇದರಿಂದ ಒದಗುತ್ತದೆ. ಆದರೆ ಕೆರೆಯ ತೂಬನ್ನು ತೆರೆದರಷ್ಟೇ ಸಾಲದು, ಸಕಾಲದಲ್ಲಿ ಮುಚ್ಚಲೂ ಬೇಕು. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳಲ್ಲಿ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳಿವೆ. ಹಾರ್ಮೋನು ಏರಿದುದನ್ನು ಅರಿತು ‘ಇನ್ನು ಸಾಕು’ ಎಂಬ ಸೂಚನೆಯನ್ನು ಕೊಡಲು ಇವು ನೆರವಾಗುತ್ತವೆ. ಇಂತಹ ಗ್ರಾಹಕಗಳು ಸಮೃದ್ಧವಾಗಿರುವ ಪ್ರಾಣಿಯಲ್ಲಿ ತೂಬು ಬೇಗನೆ ಮುಚ್ಚುತ್ತದೆ. ಪ್ರಾಣಿಯು ಬೇಗನೆ ಶಾಂತವಾಗುತ್ತದೆ.

ಇನ್ನು ಸಿರೊಟೋನಿನ್ನಿನ ವಿಚಾರ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಕರುಳಿನಲ್ಲಿ ಇದನ್ನು ಕಂಡು ‘ಎಂಟೆರಮೀನ್’ ಎಂದು ಹೆಸರಿಟ್ಟರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರ್ಯಾಪೊರ್ಟ್, ಗ್ರೀನ್ ಮತ್ತು ಪೇಜ್ ಎಂಬುವರು ರಕ್ತನಾಳಗಳನ್ನು ಕುಗ್ಗಿಸುವ ವಸ್ತುವೊಂದನ್ನು ರಕ್ತದ ಸೀರಮ್ಮಿನಿಂದ ಬೇರ್ಪಡಿಸಿ, ಅದನ್ನು ಸಿರೊಟೋನಿನ್ ಎಂದು ಕರೆದರು. ಎರಡೂ ಒಂದೇ ವಸ್ತುವೆಂಬುದು ಆಮೇಲೆ ತಿಳಿಯಿತು. 1953ರಲ್ಲಿ ಬೆಟ್ಟಿ ಟ್ವಾರೋಗ್ ಮತ್ತು ಪೇಜ್ ಅದನ್ನು ಸಸ್ತನಿಗಳ ಮಿದುಳಿನಲ್ಲಿಯೂ ಕಂಡರು. ಬೆಳೆದ ಮಿದುಳಿನಲ್ಲಿ ಅದು ನರಕೋಶಗಳ ನಡುವೆ ಸುದ್ದಿಯನ್ನೊಯ್ಯುವ ದೂತ. ಬೆಳೆಯುತ್ತಿರುವ ಮಿದುಳಿನಲ್ಲಾದರೋ ಅದಕ್ಕೆ ಇನ್ನೊಂದು ಉದ್ಯೋಗವುಂಟು. ನರಕೋಶಗಳು ಎಲ್ಲಿಗೆ ಕವಲೊಡೆಯಬೇಕು, ಯಾವುದರೊಡನೆ ಕೂಡಿಕೊಳ್ಳಬೇಕು ಎಂಬ ವಿಷಯದಲ್ಲಿಯೂ ಅದರ ಪ್ರಭಾವವಿದೆ. ಮನೆ ಮುಗಿದ ಮೇಲೆ ಓಲೆ ತರುವವನೇ, ಮನೆ ಕಟ್ಟುವಾಗ ಮೇಸ್ತ್ರಿಗೂ ನೆರವಾಗಿದ್ದಂತೆ ಇದು. ಇಲಿಮರಿಯು ಕಣ್ಣು ತೆರೆಯದೆ, ಮೈಮೇಲೆ ಕೂದಲಿಲ್ಲದೆ ಹುಟ್ಟುತ್ತದೆ. ಅದರ ಮಿದುಳಿನ ಕಟ್ಟಡದ ಬಹಳಷ್ಟು ಕೆಲಸವು ಹುಟ್ಟಿದ ಮೇಲೆ, ಮೊದಲ ಕೆಲವು ವಾರಗಳಲ್ಲಿ ನಡೆಯುತ್ತದೆ.

ಈ ಎಳೆಯ ದಿನಗಳ ಮಹತ್ವವನ್ನು ಸೀಮೋರ್ ಲಿವೈನ್ 1957ರಲ್ಲಿಯೇ ಎತ್ತಿ ತೋರಿಸಿದ್ದರು. ಮರಿಗಳನ್ನು ದಿನವೂ ಕೆಲವು ನಿಮಿಷ ಗೂಡಿನಿಂದ ಹೊರತೆಗೆದು ಮತ್ತೆ ತಾಯಿಯ ಬಳಿ ಬಿಟ್ಟರೆ, ದೊಡ್ಡವಾದ ಮೇಲೆ ಅವು ಕಷ್ಟವನ್ನು ಹೆಚ್ಚು ಸಮರ್ಥವಾಗಿ ತಾಳಿಕೊಳ್ಳುತ್ತಿದ್ದವು. ಇದರ ಗುಟ್ಟನ್ನು ಮುಂದೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಮೀನಿ ಮತ್ತು ಅವರ ಸಂಗಡಿಗರು ಬಿಡಿಸಿದರು. ಹಿಂದಿರುಗಿದ ಮರಿಗಳನ್ನು ತಾಯಿಯು ಹೆಚ್ಚಾಗಿ ನೆಕ್ಕುತ್ತಿತ್ತು. ತಾನಾಗಿಯೇ ಹೆಚ್ಚು ನೆಕ್ಕುವ ತಾಯಂದಿರ ಮರಿಗಳೂ ದೊಡ್ಡವಾದಾಗ ಒತ್ತಡದ ವೇಳೆ ಕಡಮೆ ಕಾರ್ಟಿಕೋಸ್ಟೆರೋನನ್ನು ಸುರಿಸುತ್ತಿದ್ದವೆಂದು 1997ರಲ್ಲಿ ಅವರು ಪ್ರಕಟಿಸಿದರು. ಇದು ಕೇವಲ ವಂಶಗುಣವಲ್ಲವೇ ಎಂದು ವಾಚಕರು ಕೇಳಬಹುದು. ಅಲ್ಲ, ಮರಿಗಳನ್ನು ಅದಲುಬದಲು ಮಾಡಿದಾಗ, ಅವು ಹೆತ್ತ ತಾಯಿಯನ್ನಲ್ಲ, ಸಾಕಿದ ತಾಯಿಯನ್ನು ಅನುಸರಿಸಿದುವು.

ಈ ಸರಪಳಿಯ ನಡುವಣ ಕೊಂಡಿಯೇ ಸಿರೊಟೋನಿನ್. ತಾಯಿಯ ನಾಲಗೆಯ ಸ್ಪರ್ಶದಿಂದ ಮರಿಯಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚುತ್ತದೆ. ಅದರಿಂದ ಹಿಪೊಕ್ಯಾಂಪಸ್ಸಿನಲ್ಲಿ ಸಿರೊಟೋನಿನ್ ಚುರುಕಾಗುತ್ತದೆ. ಅದು ನರಕೋಶದೊಳಗೆ, ತೂಬನ್ನು ಮುಚ್ಚಿಸುವ ಆ ಗ್ರಾಹಕಗಳ ಜೀನನ್ನು ಎಚ್ಚರಿಸುತ್ತದೆ. ಕಡಮೆ ನೆಕ್ಕಿಸಿಕೊಂಡ ಮರಿಗಳಲ್ಲಿ ಇದೇ ಜೀನಿನ ಮೇಲೆ ಮೀಥೈಲ್ ಗುಂಪುಗಳು ಬೀಗದಂತೆ ಕುಳಿತಿರುವುದನ್ನೂ, ಮೊದಲ ವಾರದಲ್ಲಿ ಉಂಟಾದ ಆ ಭೇದವು ಪ್ರಾಯದವರೆಗೂ ಉಳಿಯುವುದನ್ನೂ 2004ರಲ್ಲಿ ಮೆಕ್‌ಗಿಲ್ಲಿನವರು ತೋರಿಸಿದರು.

ಹಾಗಾದರೆ ಸಿರೊಟೋನಿನ್ ಹೆಚ್ಚಿದಷ್ಟೂ ಒಳಿತೆ? ಫ್ಲೂಆಕ್ಸಿಟಿನ್ ಎಂಬ ಔಷಧಿಗೆ ಅಮೆರಿಕದಲ್ಲಿ 1987ರಲ್ಲಿ ಮಾನ್ಯತೆ ದೊರೆಯಿತು. ಖಿನ್ನತೆಗೆ ಕೊಡುವ ಈ ಔಷಧಿಯು, ಬಳಕೆಯಾದ ಸಿರೊಟೋನಿನ್ನನ್ನು ನರಕೋಶವು ಮರಳಿ ಹೀರಿಕೊಳ್ಳುವುದನ್ನು ತಡೆಯುತ್ತದೆ. 2004ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಸಣ್ಣ ಜಾತಿಯ ಚಿಟ್ಟಿಲಿಗಳ ಮರಿಗಳಿಗೆ 4ನೆಯ ದಿನದಿಂದ 21ನೆಯ ದಿನದವರೆಗೆ ಕೊಟ್ಟು ನಿಲ್ಲಿಸಿದರು. ಮರಿಗಳು ಶಾಂತವಾಗಲಿಲ್ಲ, ದೊಡ್ಡವಾದ ಮೇಲೆ ಹೊಸ ಜಾಗವನ್ನು ಹುಡುಕಿ ನೋಡಲೂ ಹಿಂಜರಿದುವು. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, 2ರಿಂದ 11ನೆಯ ದಿನದೊಳಗೆ ಕೊಟ್ಟ ಮದ್ದು ಈ ಅಂಜಿಕೆಯನ್ನು ತಂದಿತು. 12ರಿಂದ 21ನೆಯ ದಿನದವರೆಗೆ ಕೊಟ್ಟ ಮದ್ದು ತರಲಿಲ್ಲ. ಅದೇ ವರ್ಷ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ ಮತ್ತು ಅವರ ಸಂಗಡಿಗರು ಇಲಿಮರಿಗಳಲ್ಲಿಯೂ ಇಂತಹುದೇ ಫಲಿತಾಂಶವನ್ನು ವರದಿ ಮಾಡಿದರು. ಫ್ಲೂಆಕ್ಸಿಟಿನ್ನಿನ ಜೊತೆಗೆ, ಸಿರೊಟೋನಿನ್ನಿನ ಎರಡನೆಯ ವರ್ಗದ ಗ್ರಾಹಕಗಳನ್ನು ತಡೆಯುವ ಮದ್ದನ್ನೂ ಕೊಟ್ಟರೆ ಅಂಜಿಕೆಯು ಬೇರೂರಲಿಲ್ಲ.

ಈ ಎರಡು ಬಗೆಯ ಫಲಿತಾಂಶಗಳಲ್ಲಿ ವಿರೋಧವಿಲ್ಲ. ಸಿರೊಟೋನಿನ್ನಿಗೆ ಹತ್ತಕ್ಕೂ ಮಿಕ್ಕಿ ಬಗೆಯ ಗ್ರಾಹಕಗಳಿವೆ. ತಾಯಿಯ ನೆಕ್ಕುವಿಕೆಯು ಆಗಾಗ ಬಂದು ಹೋಗುವ ತುಂತುರು ಮಳೆ. ಹಿಪೊಕ್ಯಾಂಪಸ್ಸಿನಲ್ಲಿ ಅದರ ಕೆಲಸವು ಮುಖ್ಯವಾಗಿ ಏಳನೆಯ ವರ್ಗದ ಗ್ರಾಹಕದ ಮೂಲಕ ಸಾಗುತ್ತದೆ. ಔಷಧಿಯಾದರೋ ದಿನವೆಲ್ಲ ಎಡೆಬಿಡದೆ ಹೊಲವನ್ನೆಲ್ಲ ನೆನೆಸುವ ಜಡಿಮಳೆ. ನೀರು ಒಂದೇ ಆದರೂ, ಸುರಿಯುವ ಕಾಲ, ಸ್ಥಳ, ಪ್ರಮಾಣಗಳಿಂದ ಪೈರಿನ ಗತಿ ಬೇರೆಯಾಗುತ್ತದೆ.

ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರುವುದು ವಿವೇಕವಲ್ಲ. ಇಲಿಮರಿಯ ಮೊದಲ ದಿನಗಳ ಮಿದುಳನ್ನು ಮಾನವ ಗರ್ಭದ ಕೊನೆಯ ತಿಂಗಳುಗಳ ಮಿದುಳಿಗೆ ಹೋಲಿಸುವುದುಂಟು. ಈ ಔಷಧಿಗಳು ತಾಯಿಯಿಂದ ಗರ್ಭಸ್ಥ ಶಿಶುವನ್ನು ಮುಟ್ಟುವುದೂ ನಿಜ. ಆದರೆ ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿಗೆ, ಮಗುವಿಗೆ ಕೇಡನ್ನು ತರಬಲ್ಲುದು. ಪ್ರಯೋಗದ ಇಲಿಗೆ ಖಿನ್ನತೆಯಿರಲಿಲ್ಲ. ಗರ್ಭಿಣಿಗಾದರೋ ಅದು ನಿಜವಾದ ರೋಗ. ಆದುದರಿಂದ ಇಂತಹ ವಿಷಯಗಳನ್ನೋದಿ ಯಾರೂ ತಾವಾಗಿಯೇ ಮದ್ದನ್ನು ನಿಲ್ಲಿಸಬಾರದು. ಎರಡು ಕಡೆಯ ಅಪಾಯಗಳನ್ನೂ ವೈದ್ಯರೊಡನೆ ಕುಳಿತು ತೂಗಿ ನೋಡಬೇಕು. ಇಲಿಯ ಗೂಡು ನಮಗೆ ಔಷಧಿಯ ಚೀಟಿಯನ್ನು ಬರೆದುಕೊಡುವುದಿಲ್ಲ. ಎಳೆಯ ಮಿದುಳು ಬೆಳೆದ ಮಿದುಳಿನ ಚಿಕ್ಕ ಪ್ರತಿಯಲ್ಲ, ಒಂದೇ ವಸ್ತುವು ಅಲ್ಲಿ ಬೇರೆಯೇ ಕೆಲಸವನ್ನು ಮಾಡುತ್ತದೆ ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ಕಲಿಸುತ್ತದೆ.