ಸೆಕೆಂಡ್‌ಹ್ಯಾಂಡ್ ಪ್ಯಾರಾಚೂಟ್ ಕೊಳ್ಳುವ ಮುನ್ನ

ಟೆಕ್ಸಾಸ್‌ನಲ್ಲಿ ಸ್ಕೈಡೈವಿಂಗ್ ಕಲಿಯುತ್ತಿರುವ ನೀವು ಸೆಕೆಂಡ್‌ಹ್ಯಾಂಡ್ ಸೆಟ್ಟಿಗೆ ಮುಂಗಡ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಡಬೇಡಿ. ಲೈಸೆನ್ಸ್ ಇರುವ ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ಮಡಚುವ ತಜ್ಞ) ಒಬ್ಬರು ಮೊದಲು ಅದನ್ನು ಪೂರ್ತಿ ಬಿಚ್ಚಿ ನೋಡಲಿ. ಬಿಸಿಲು ತಿಂದ ನೈಲಾನ್ ನೋಡಲು ಚೆನ್ನಾಗಿದ್ದರೂ ಸತ್ವ ಕಳೆದುಕೊಂಡಿರಬಹುದು. ಅಮೆರಿಕದ ನಿಯಮದಂತೆ ರಿಸರ್ವ್ (ತುರ್ತು ಬಳಕೆಯ) ಪ್ಯಾರಾಚೂಟನ್ನು ರಿಗ್ಗರೇ ಮಡಚಬೇಕು. ನೈಲಾನಿನದಾದರೆ ಮಡಚಿ 180 ದಿನ ದಾಟಿರಬಾರದು. ಅದರ ಚೀಟಿಯಲ್ಲಿರುವ ತಾರೀಖನ್ನು ನೀವೇ ಓದಿ.

ಮುಖ್ಯ ಪ್ಯಾರಾಚೂಟ್ ಮಡಚುವುದನ್ನು ಖಂಡಿತ ಕಲಿಯಿರಿ, ಆದರೆ ತರಬೇತುದಾರರ ಕಣ್ಣೆದುರಿಗೇ. ಸ್ಲೈಡರ್, ಅಂದರೆ ಪ್ಯಾರಾಚೂಟ್ ನಿಧಾನವಾಗಿ ಬಿಚ್ಚಿಕೊಳ್ಳುವಂತೆ ತಡೆಯುವ ಬಟ್ಟೆಯ ತುಂಡು, ದಾರಗಳ ಮೇಲ್ತುದಿಗೆ ಒತ್ತಿಕೊಂಡೇ ಇರಬೇಕು. ಕೆಳಗೆ ಜಾರಿದ್ದರೆ ಪ್ಯಾರಾಚೂಟ್ ರಪ್ಪನೆ ಬಿಚ್ಚಿಕೊಂಡು ಕತ್ತಿಗೆ ಪೆಟ್ಟಾದೀತು. ಪೈಲಟ್ ಚೂಟ್ ಎಂಬ ಪುಟ್ಟ ಪ್ಯಾರಾಚೂಟ್‌ನ ಒಳದಾರವಾದ ಕಿಲ್ ಲೈನ್ ಎಳೆದು ಸಜ್ಜುಮಾಡಲು ಮರೆತರೆ ಅದು ಗಾಳಿ ಹಿಡಿಯುವುದಿಲ್ಲ, ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವುದೂ ಇಲ್ಲ.

ನನಗೆ ಹೆಚ್ಚು ಆತಂಕ ಕ್ಲೋಸಿಂಗ್ ಲೂಪ್ ಬಗ್ಗೆ. ಪ್ಯಾರಾಚೂಟ್ ಚೀಲವನ್ನು ಮುಚ್ಚಿಡುವ ಬೆರಳಷ್ಟುದ್ದದ ದಾರ, ಬೆಲೆ ಜುಜುಬಿ. ಅದು ಸವೆದು ವಿಮಾನದ ತೆರೆದ ಬಾಗಿಲ ಬಳಿ ತುಂಡಾದರೆ ಪ್ಯಾರಾಚೂಟ್ ಹೊರಬಿದ್ದು ಜೊತೆಯವರ ಪ್ರಾಣಕ್ಕೂ ಅಪಾಯ. ಎಳೆ ಬಿಟ್ಟಿದ್ದು ಕಂಡ ತಕ್ಷಣ ಬದಲಾಯಿಸಿ.

ನಿಮ್ಮ ತೂಕಕ್ಕೆ ಎಷ್ಟು ಚದರಡಿಯದು ಬೇಕೆಂದು ತರಬೇತುದಾರರನ್ನೇ ಕೇಳಿ. ಅಲ್ಲಿಯವರೆಗೆ ಶಾಲೆಯ ಸೆಟ್ಟನ್ನೇ ಬಾಡಿಗೆಗೆ ಪಡೆಯಿರಿ.