ಓಡುವ ರೈಲಿನಲ್ಲಿ ಅಂತರಜಾಲ

ಪ್ರಯಾಣದಲ್ಲಿರುವ ವಿದ್ಯಾರ್ಥಿಗೆ ಲ್ಯಾಪ್‌ಟಾಪಿನಿಂದ ಅರ್ಜಿಯನ್ನೋ ಪ್ರಬಂಧವನ್ನೋ ಕಳುಹಿಸುವ ಅಗತ್ಯ ಒದಗಬಹುದು. ಸಾಮಾನ್ಯವಾದ ಲ್ಯಾಪ್‌ಟಾಪಿಗೆ ಮೊಬೈಲ್ ಜಾಲದೊಡನೆ ನೇರ ಸಂಪರ್ಕವಿಲ್ಲ. ಚಂದಾದಾರನ ಗುರುತನ್ನು ಜಾಲಕ್ಕೆ ತಿಳಿಸುವ ಸಿಮ್ ಇರುವುದು ಫೋನಿನಲ್ಲಿ. ಆದುದರಿಂದ ಫೋನನ್ನೇ ಮಧ್ಯವರ್ತಿಯನ್ನಾಗಿ ಮಾಡಿಕೊಳ್ಳಬೇಕು. ಅದರ ಹಾಟ್‌ಸ್ಪಾಟನ್ನು ತೆರೆದೊಡನೆ ಫೋನು ಒಂದು ಕಡೆ ದೂರದ ಗೋಪುರದೊಡನೆಯೂ ಇನ್ನೊಂದು ಕಡೆ ವೈ-ಫೈ ಮೂಲಕ ಮಗ್ಗುಲಿನ ಲ್ಯಾಪ್‌ಟಾಪಿನೊಡನೆಯೂ ವ್ಯವಹರಿಸತೊಡಗುತ್ತದೆ. ವೈ-ಫೈ ಸಂಪರ್ಕ ಒಂದೆರಡು ಅಡಿಗಳದು. ಅದು ಕಡಿಯುವುದು ಅಪೂರ್ವ. ತೊಡಕೆಲ್ಲ ಗೋಪುರದ ಕಡೆಯದು.

ಮೊಬೈಲ್ ಜಾಲವು ನಾಡನ್ನು ಜೇನುಹುಟ್ಟಿನ ಕೋಣೆಗಳಂತೆ ವಲಯಗಳಾಗಿ ವಿಂಗಡಿಸಿಕೊಂಡಿದೆ. ಈ ಕಲ್ಪನೆಯನ್ನು 1947ರಲ್ಲಿಯೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸೂಚಿಸಲಾಗಿತ್ತು. ವಲಯದ ಅಗಲ 2 ಕಿಲೋಮೀಟರ್, ರೈಲಿನ ವೇಗ ಗಂಟೆಗೆ 90 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ರೈಲು ಸೆಕೆಂಡಿಗೆ 25 ಮೀಟರಿನಂತೆ ಸಾಗಿ, 80 ಸೆಕೆಂಡುಗಳಲ್ಲಿ ವಲಯವನ್ನು ದಾಟುವುದು. ಅಷ್ಟರೊಳಗೆ ಫೋನು ನೆರೆಯ ಗೋಪುರಗಳ ಅಲೆಗಳ ಬಲವನ್ನು ಅಳೆದು ವರದಿ ಮಾಡಬೇಕು. ಜಾಲವು ಅದನ್ನು ಮುಂದಿನ ಗೋಪುರಕ್ಕೆ ಒಪ್ಪಿಸಬೇಕು. ಈ ಹಸ್ತಾಂತರ ಸರಾಗವಾಗಿ ನಡೆದರೆ ನಮಗೆ ಅದರ ಅರಿವೇ ಆಗದು.

ಆದರೆ ಒಪ್ಪಿಸಿಕೊಳ್ಳುವ ಗೋಪುರವೇ ಇಲ್ಲದಿದ್ದರೆ? ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರೈಲು ಸಕಲೇಶಪುರವನ್ನು ದಾಟಿ ಸುಬ್ರಹ್ಮಣ್ಯ ರಸ್ತೆಯ ಕಡೆಗೆ ಘಟ್ಟವಿಳಿಯುವಾಗ 57 ಸುರಂಗಗಳನ್ನು ಹಾದುಹೋಗುತ್ತದೆ. ಸುತ್ತಲೂ ಕಾಡು, ಕಣಿವೆ. ಬಂಡೆಯು ರೇಡಿಯೋ ಅಲೆಗಳನ್ನು ತಡೆಯುತ್ತದೆ. ರೈಲುಡಬ್ಬಿಯ ಲೋಹದ ಗೋಡೆಯೂ ಅವುಗಳನ್ನು ಕುಂದಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗೋಪುರದ ಪ್ರೇಷಕದ ಶಕ್ತಿ ಹಲವು ಹತ್ತು ವಾಟುಗಳಷ್ಟಿರಬಹುದು. 4ಜಿ ಫೋನಿನದು ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು 0.2 ವಾಟ್. ಗೋಪುರದ ಗ್ರಾಹಕವು ಕ್ಷೀಣವಾದ ಅಲೆಯನ್ನೂ ಗುರುತಿಸುವಂತೆ ರಚಿತವಾಗಿದ್ದರೂ, ವಲಯದ ಅಂಚಿನಲ್ಲಿ ಗೋಪುರದ ಮಾತು ಫೋನಿಗೆ ಕೇಳಿಸಿ, ಫೋನಿನ ಮಾತು ಗೋಪುರಕ್ಕೆ ಕೇಳಿಸದೆ ಹೋಗುವುದುಂಟು. ಪರದೆಯ ಮೇಲಿನ ಗೀಟುಗಳು ತಿಳಿಸುವುದು ಗೋಪುರದಿಂದ ಬರುವ ಅಲೆಯ ಬಲವನ್ನು ಮಾತ್ರ. ಗೀಟುಗಳಿದ್ದರೂ ಅರ್ಜಿ ಹೋಗದಿರಲು ಇದೂ ಒಂದು ಕಾರಣ.

ಇದರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಫೋನನ್ನು ಚೀಲದಲ್ಲಿಡದೆ ಕಿಟಕಿಯ ಬಳಿ ಇಡಬೇಕು. ಯು.ಎಸ್.ಬಿ. ತಂತಿಯಿಂದ ಜೋಡಿಸಿದರೆ ವೈ-ಫೈಯ ವಿದ್ಯುತ್ ವೆಚ್ಚ ಉಳಿಯುವುದಲ್ಲದೆ ಫೋನಿಗೆ ಲ್ಯಾಪ್‌ಟಾಪಿನಿಂದ ವಿದ್ಯುತ್ತೂ ದೊರೆಯುವುದು. ಹಾಟ್‌ಸ್ಪಾಟಿಗೆ ಗುಪ್ತಪದವಿರಬೇಕು. ಲ್ಯಾಪ್‌ಟಾಪು ಇದನ್ನು ಮನೆಯ ಸಂಪರ್ಕವೆಂದೇ ಭಾವಿಸಿ ದೊಡ್ಡ ದೊಡ್ಡ ನವೀಕರಣಗಳನ್ನು ಇಳಿಸಿಕೊಂಡು ದಿನದ ಡೇಟಾವನ್ನು ಮುಗಿಸಿಬಿಡಬಹುದು. ಸೆಟ್ಟಿಂಗುಗಳಲ್ಲಿ ಇದು ಮಿತಿಯುಳ್ಳ ಸಂಪರ್ಕವೆಂದು ಗುರುತಿಸಿದರೆ ಅದು ಬಹುಮಟ್ಟಿಗೆ ತಪ್ಪುವುದು.

ಓದಬೇಕಾದುದನ್ನು ಹೊರಡುವ ಮೊದಲೇ ಇಳಿಸಿಕೊಂಡರೆ ಘಟ್ಟದಲ್ಲಿಯೂ ಓದಬಹುದು. ಕಳುಹಿಸಬೇಕಾದುದನ್ನಾದರೋ ಹಾಸನದಲ್ಲಿಯೇ ಕಳುಹಿಸಿ, ಸ್ವೀಕೃತಿ ಬಂದಿತೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕೊನೆಯ ಗಳಿಗೆಯವರೆಗೆ ತಡೆದ ಅರ್ಜಿಗೆ ಸುರಂಗವು ದಾರಿ ಬಿಡದು.