ನೀರು ಬರುವ ಮುಂಚೆ ಮಾಹಿತಿ ಬರಲಿ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿದಂಡೆಯ ಹಳ್ಳಿಗಳಿಗೆ ಪ್ರವಾಹ ಹೊಸದೇನಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ಮತ್ತೆ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದವು. ಆದರೂ "ನೀರು ಬಂದಾಗ ನೋಡಿದ್ರಾತು ಬಿಡ್ರಿ" ಎನ್ನುವ ಮಾತು ಈಗಲೂ ಕೇಳಿಬರುತ್ತದೆ. ಮಳೆಯನ್ನು ನಾವು ತಡೆಯಲಾರೆವು, ಆದರೆ ಜೀವಹಾನಿಯನ್ನು ಖಂಡಿತ ತಡೆಯಬಹುದು.

ಒಡಿಶಾದ ಪಾಠ

1999ರ ಅಕ್ಟೋಬರ್‌ನಲ್ಲಿ ಒಡಿಶಾ ತೀರಕ್ಕೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಅಲ್ಲಿಗೇ ಫೈಲಿನ್ ಎಂಬ ಭಾರೀ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಡುವಿನ ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ಹಳ್ಳಿಯವರಿಗೆ ತರಬೇತಿ ಸಿಕ್ಕಿತ್ತು. ಅಪಾಯವಿಲ್ಲದ ದಿನಗಳಲ್ಲಿ ಕಲಿತದ್ದು ಅಪಾಯದ ದಿನ ಕೆಲಸಕ್ಕೆ ಬಂತು.

ಪಂಚಾಯಿತಿಯವರೇ ಏಕೆ ಹೇಳಬೇಕು?

"ಆಣೆಕಟ್ಟಿನಿಂದ 2 ಲಕ್ಷ ಕ್ಯೂಸೆಕ್ ನೀರು ಬಿಡುಗಡೆ" ಎಂದು ಟಿ.ವಿ.ಯಲ್ಲಿ ಕೇಳುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದಾಜು ಎರಡು ಕೊಡ ನೀರು. ಈ ಲೆಕ್ಕ ತಿಳಿದರೂ ಮನೆಯವರ ಪ್ರಶ್ನೆ ಹಾಗೇ ಉಳಿಯುತ್ತದೆ: ನಮ್ಮ ಓಣಿಗೆ ನೀರು ಬರುತ್ತದೋ ಇಲ್ಲವೋ? ಯಾವ ದಾರಿ ಮೊದಲು ಮುಳುಗುತ್ತದೆ? ದನಕರು ಎಲ್ಲಿ ಕಟ್ಟಬೇಕು?

ಇದಕ್ಕೆ ಉತ್ತರ ಕೊಡಬಲ್ಲವರು ಊರನ್ನು ಬಲ್ಲ ಪಿ.ಡಿ.ಒ., ಬಿಲ್ ಕಲೆಕ್ಟರ್, ನೀರುಗಂಟಿಗಳು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಇಂಥ ಕೆಲಸಕ್ಕೆ ತರಬೇತಿ ಕೊಡಿಸಬೇಕು. ವರ್ಷವಿಡೀ ಕಾಣಿಸದೆ ಪ್ರವಾಹದ ರಾತ್ರಿ ಮಾತ್ರ ಬಂದು "ಏಳ್ರಿ, ಹೊರಡ್ರಿ" ಎಂದರೆ ಯಾರೂ ಏಳುವುದಿಲ್ಲ. ದನ, ಕಾಳುಕಡಿ, ಬಾಗಿಲು ಹಾಕಿದ ಮನೆಯ ಚಿಂತೆ ಅವರನ್ನು ಹಿಡಿದು ನಿಲ್ಲಿಸುತ್ತದೆ. ಆ ಚಿಂತೆಗೆ ಮೊದಲೇ ಉತ್ತರ ಕೊಟ್ಟವರ ಮಾತನ್ನು ಜನ ನಂಬುತ್ತಾರೆ.

ಸಿಬ್ಬಂದಿ ಮಾಡಬಹುದಾದ್ದು

1. ಮೇ ತಿಂಗಳಲ್ಲೇ ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಸುರಕ್ಷಿತ ಜಾಗ ಮತ್ತು ದಾರಿ ತಿಳಿಸುವುದು.
2. ಹಿಂದಿನ ಪ್ರವಾಹದ ಮಟ್ಟವನ್ನು ಶಾಲೆಯ ಗೋಡೆ, ವಿದ್ಯುತ್ ಕಂಬಗಳ ಮೇಲೆ ಬಣ್ಣದಿಂದ ಗುರುತಿಸುವುದು.
3. ಒಂಟಿ ವೃದ್ಧರು, ಅಂಗವಿಕಲರು, ಗರ್ಭಿಣಿಯರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ನೆರವಾಗುವವರನ್ನು ಗೊತ್ತು ಮಾಡುವುದು.
4. ಮೊಬೈಲ್ ಸಂದೇಶ ಸಾಲದು. ಡಂಗುರ, ಧ್ವನಿವರ್ಧಕ, ಮನೆ ಭೇಟಿ ಎಲ್ಲವೂ ಬೇಕು.
5. ಹವಾಮಾನ ಇಲಾಖೆಯ ಬಣ್ಣಗಳನ್ನು ವಿವರಿಸುವುದು: ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ನಾವು ಮಾಡಬೇಕಾದ್ದು

ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಪಹಣಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡೋಣ. ಔಷಧ, ಟಾರ್ಚ್, ಕುಡಿಯುವ ನೀರು ಕೈಗೆ ಸಿಗುವಂತಿರಲಿ. ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸೋಣ, ದನಕರುಗಳನ್ನು ಕಟ್ಟಿಹಾಕಿ ಹೋಗುವುದು ಬೇಡ. ಹರಿಯುವ ನೀರು ಮೊಣಕಾಲಷ್ಟೇ ಇದ್ದರೂ ಸೇತುವೆ ದಾಟಬಾರದು. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077 ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸೋಣ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಿನಲ್ಲಿ ಮೊದಲು ನೀರು ನುಗ್ಗುವ ಜಾಗ ಯಾವುದು?
2. ರಾತ್ರಿ ಎರಡು ಗಂಟೆಗೆ ಸೂಚನೆ ಬಂದರೆ ಅದು ಯಾವ ಮನೆಗೆ ತಲುಪುವುದಿಲ್ಲ? ಏಕೆ?
3. ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ನಮ್ಮಲ್ಲಿ ಯಾರು ಎತ್ತುತ್ತಾರೆ?